ಭಾವನ ಮೂವತ್ತು ಅಂಕದ ಗದ್ಯಭಾಗ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಾನು ಅದೇ ಡಿಪೋದ ಸ್ಟೋರಿನಲ್ಲಿ ಜಾಲರಿ ಕಿಟಕಿಯ ಹಿಂದೆ ಕುಳಿತು ನಟ್ಟು, ಬೋಲ್ಟು, ಬೇರಿಂಗು ಎತ್ತಿಕೊಡುವವನು. ಮನೆಯೂ ಒಂದೇ. ಕೆಳಗಿನ ಎರಡು ಕೋಣೆಗಳಲ್ಲಿ ಅವರು, ಮೇಲಿನ ಒಂದರಲ್ಲಿ ನಾನು. ಹಾಗಾಗಿ ಹಗಲು ಅವರ ಬೈಗುಳ ಕೇಳಿಸಿಕೊಳ್ಳುವವನೂ ನಾನೇ, ಸಂಜೆ ಅವರ ಜೊತೆ ಕಾಫಿ ಕುಡಿಯುವವನೂ ನಾನೇ.

ಭಾವನ ಕಿವಿ ದೊಡ್ಡ ಕಿವಿ. ಗಾತ್ರದಲ್ಲೂ, ಗುಣದಲ್ಲೂ. ಗೇಟಿನೊಳಗೆ ಬಸ್ಸು ತಿರುಗುವ ಸದ್ದಿಗೇ ಬಸ್ಸಿನಡಿ ಇಳಿದು ಕೆಲಸ ಮಾಡುವ ಪಿಟ್ಟಿನೊಳಗಿಂದ ತಲೆಯೆತ್ತದೆ, "ಎರಡನೇ ಗೇರು ಮುನಿಸ್ಕೊಂಡಿದೆ" ಅನ್ನುತ್ತಿದ್ದರು. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಕಣ್ಣು ಮುಚ್ಚಿಕೊಂಡು ಎಂಜಿನ್ನಿನ ಮೇಲೆ ಕೈಯಿಟ್ಟು, ಡಾಕ್ಟರು ನಾಡಿ ಹಿಡಿದ ಹಾಗೆ ನಿಲ್ಲುವುದನ್ನು ನೋಡಲು ಹೊಸ ಕಂಡಕ್ಟರುಗಳು ಬರುತ್ತಿದ್ದರು.

ಆದರೆ ಅವರದ್ದೊಂದು ಕಟ್ಟುನಿಟ್ಟು. ಡ್ರೈವರ್ ಹೇಳಿದ ಒಂದು ಮಾತನ್ನೂ ನಂಬುತ್ತಿರಲಿಲ್ಲ.

"ಗಾಡಿ ಎಳೀತಿಲ್ಲ ಅಣ್ಣ, ಎಂಜಿನ್ ಸತ್ತೋಗಿದೆ" ಎಂದು ಡ್ರೈವರ್ ಬಂದರೆ, ಭಾವ ಚಕ್ರದ ಹತ್ತಿರ ಮೂಗು ಒಯ್ದು ಮೂಸಿ, "ಎಂಜಿನ್ ಚೆನ್ನಾಗೇ ಇದೆ. ನೀನು ಹ್ಯಾಂಡ್‌ಬ್ರೇಕ್ ಬಿಡದೇ ಊರೆಲ್ಲ ಸುತ್ತಿದೀಯ" ಅನ್ನುತ್ತಿದ್ದರು. ಅದೂ ನಿಜವಾಗಿರುತ್ತಿತ್ತು. ಇಪ್ಪತ್ತು ವರ್ಷ ಹೀಗೇ ನಡೆದದ್ದರಿಂದ, ಜನ ಹೇಳುವುದು ಒಂದು, ಇರುವುದು ಇನ್ನೊಂದು ಎಂಬುದು ಅವರ ಮೂಳೆಯೊಳಗೆ ಇಳಿದುಬಿಟ್ಟಿತ್ತು.

ಈ ಗುಣವೇ ಅವರನ್ನು ನಾಲ್ಕು ಸಲ ಫೇಲು ಮಾಡಿಸಿತು.

ಹೆಡ್ ಮೆಕ್ಯಾನಿಕ್ ಆಗಬೇಕಾದರೆ ಲಿಖಿತ ಪರೀಕ್ಷೆ ಪಾಸಾಗಬೇಕು. ಅದರಲ್ಲಿ ಮೂರು ಭಾಗ. ಯಂತ್ರಜ್ಞಾನದಲ್ಲಿ ಭಾವನಿಗೆ ಐವತ್ತಕ್ಕೆ ನಲವತ್ತೆಂಟು ಬರುತ್ತಿತ್ತು. ಲೆಕ್ಕದಲ್ಲಿ ಹೇಗೋ ದಡ ಸೇರುತ್ತಿದ್ದರು. ಮೂರನೆಯದು ಮೂವತ್ತು ಅಂಕದ 'ಓದು ಮತ್ತು ಗ್ರಹಿಕೆ'. ಒಂದು ಗದ್ಯಭಾಗ ಕೊಟ್ಟು, ಅದರ ಕೆಳಗೆ ಪ್ರಶ್ನೆ ಕೇಳುತ್ತಾರೆ. ಉತ್ತರ ಗದ್ಯಭಾಗದಲ್ಲೇ ಇರುತ್ತದೆ, ಹುಡುಕಿ ಬರೆದರೆ ಸಾಕು. ಹನ್ನೆರಡು ಬಂದರೆ ಪಾಸು. ಭಾವನಿಗೆ ಏಳು, ಐದು, ಆರು, ನಾಲ್ಕು ಬಂದಿತ್ತು.

ನಾಲ್ಕನೆಯ ಸಲ ಡಿಪೋ ಮ್ಯಾನೇಜರ್‌ಗೇ ಕುತೂಹಲ ತಡೆಯಲಾಗದೆ ಹೆಡ್ಡಾಫೀಸಿನಿಂದ ಉತ್ತರಪತ್ರಿಕೆಯ ಪ್ರತಿ ತರಿಸಿದರು. ಓದಲು ಶುರುಮಾಡಿದವರು ಅರ್ಧಕ್ಕೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ನಿಮ್ಮ ಭಾವನಿಗೆ ನೀವೇ ಕೊಡಿ, ನನ್ನ ಕೈಲಾಗಲ್ಲ" ಎಂದು ನನ್ನ ಕೈಗೆ ತುರುಕಿದರು.

ಗದ್ಯಭಾಗ ಒಬ್ಬ ಅಜ್ಜಿಯದು. ಹೊಳೆಯಾಚೆಗಿನ ಮೊಮ್ಮಗಳನ್ನು ನೋಡಲು ಆಕೆ ದೋಣಿಗಾಗಿ ಕಾಯುತ್ತಾಳೆ. ಹಗ್ಗ ಹರಿದದ್ದರಿಂದ ದೋಣಿಯವನು ಎರಡು ಗಂಟೆ ತಡವಾಗಿ ಬರುತ್ತಾನೆ. ಅಷ್ಟೇ ಕಥೆ.

ಅಜ್ಜಿ ಹೊಳೆಯ ದಡದಲ್ಲಿ ಏಕೆ ಕಾಯುತ್ತಿದ್ದಳು ಎಂಬ ಪ್ರಶ್ನೆಗೆ ಭಾವ, "ಅಲ್ಲಿ ಇನ್ನೂ ಸೇತುವೆ ಕಟ್ಟದೇ ಇರುವುದರಿಂದ" ಎಂದು ಬರೆದಿದ್ದರು. ದೋಣಿ ತಡವಾಗಲು ಕಾರಣವೇನು ಎಂಬುದಕ್ಕೆ, "ಹಗ್ಗ ಹರಿಯಿತು ಎಂದು ದೋಣಿಯವನು ಹೇಳುತ್ತಾನೆ. ಒಂದು ಗಂಟು ಹಾಕಲು ಎರಡು ಗಂಟೆ ಬೇಕೇ? ನಿದ್ದೆ ಮಾಡಿರಬೇಕು. ವಿಚಾರಿಸತಕ್ಕದ್ದು." ಸೂಕ್ತ ಶೀರ್ಷಿಕೆ ಕೊಡಿ ಅಂದಿದ್ದಕ್ಕೆ, "ದೋಣಿಯವನ ಸುಳ್ಳು". ಅದರ ಕೆಳಗೆ ಹಗ್ಗವನ್ನು ಹರಿಯದಂತೆ ಕಟ್ಟುವ ಕ್ರಮ, ಚಿತ್ರಸಹಿತ, ಒಂದು ಪುಟ. ಆಮೇಲಿನ ನಾಲ್ಕು ಪ್ರಶ್ನೆ ಖಾಲಿ. ಸಮಯ ಮುಗಿದಿತ್ತು.

"ಭಾವ, ಅವರು ಕೇಳಿದ್ದು ಇದಲ್ವಲ್ಲ" ಎಂದೆ.

"ಮತ್ತೆ? ವಯಸ್ಸಾದವರು ಎರಡು ಗಂಟೆ ನಿಂತಿದಾರೆ. ಇವನು ಹಗ್ಗದ ಕಥೆ ಹೇಳ್ತಾನೆ. ಓದಿದವರು ಸುಮ್ನೆ ಇರಬೇಕಾ?"

ಆ ಹೊತ್ತಿಗೆ ಅಮ್ಮ ನಮ್ಮಲ್ಲಿಗೆ ಬಂದಿದ್ದಳು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿ ನಿವೃತ್ತಳಾಗಿ, ತನ್ನ ಮನೆಯಲ್ಲಿ ತಾನು ಒಬ್ಬಳೇ ರಾಜ್ಯವಾಳುತ್ತಿದ್ದವಳು. ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡದ್ದರಿಂದ ಅಕ್ಕ ಹಟ ಹಿಡಿದು ಕರೆತಂದಳು. ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ಮಾಡಲು ಕೆಲಸವಿಲ್ಲದೆ, ದಿನಪತ್ರಿಕೆಯಲ್ಲಿ ಅಚ್ಚಿನ ತಪ್ಪು ಹುಡುಕಿ ಕೆಂಪು ಪೆನ್ನಿನಿಂದ ಗುರುತು ಹಾಕುತ್ತ ಕೂತಿರುತ್ತಿದ್ದಳು. ಅಕ್ಕ ಆ ಉತ್ತರಪತ್ರಿಕೆಯನ್ನು ಅವಳ ಮಡಿಲಲ್ಲಿಟ್ಟಳು. ಅಮ್ಮ ಓದಿದಳು. ಎರಡನೆಯ ಸಲ ಓದಿದಳು. ಮುಖದ ಮೇಲೆ ಎಷ್ಟೋ ದಿನದ ಮೇಲೆ ಕಳೆ ಬಂತು.

"ಮುಂದಿನ ಪರೀಕ್ಷೆ ಯಾವಾಗಂತೆ?"

"ಇನ್ನು ಏಳು ವಾರ" ಎಂದಳು ಅಕ್ಕ.

"ನಾಳೆಯಿಂದ ಸಂಜೆ ಆರಕ್ಕೆ ಅಳಿಯಂದಿರನ್ನ ಕೂತ್ಕೊಳ್ಳೋಕೆ ಹೇಳು." ಆಮೇಲೆ ನನ್ನ ಕಡೆ ತಿರುಗಿ, "ನೀನೂ ಕೂತ್ಕೋ."

"ನಾನ್ಯಾಕಮ್ಮ? ನಾನು ಪರೀಕ್ಷೆ ಕಟ್ಟಿಲ್ಲ."

"ಪಾಠ ಅಂದ್ಮೇಲೆ ಬೈಬೇಕಾಗುತ್ತೆ. ಅಳಿಯಂದಿರಿಗೆ ಬೈಯೋಕಾಗುತ್ತಾ? ಕೂತ್ಕೋ ಅಂದ್ರೆ ಕೂತ್ಕೋ."

ಹೀಗೆ, ಮೂವತ್ತೆಂಟರ ವಯಸ್ಸಿನಲ್ಲಿ, ಸ್ಟೋರಿನ ಬೀಗದ ಕೈಗೊಂಚಲು ಸೊಂಟದಲ್ಲಿರುವಾಗಲೇ, ನಾನು ಮತ್ತೆ ಅಮ್ಮನ ಎದುರು ಚಾಪೆಯ ಮೇಲೆ ಕೂತೆ. ಪಕ್ಕದಲ್ಲಿ ಭಾವ, ಗ್ರೀಸು ತೊಳೆದ ಕೈಯಲ್ಲಿ ಹೊಸ ಪೆನ್ಸಿಲ್ ಹಿಡಿದು.

ಮೊದಲ ದಿನದ ಗದ್ಯಭಾಗದಲ್ಲಿ ಒಬ್ಬ ತೋಟಗಾರ ಏಣಿ ಹತ್ತಿ ಬಳ್ಳಿ ಕತ್ತರಿಸುತ್ತಿದ್ದ. ಏಣಿ ಅಲ್ಲಾಡಿ ಬಿದ್ದ. ನೆರೆಯವನು ಬಂದು ಎತ್ತಿದ.

"ತೋಟಗಾರನನ್ನ ಯಾರು ಎತ್ತಿದ್ರು, ಹೇಳಿ" ಎಂದಳು ಅಮ್ಮ.

ಭಾವ ಗಲ್ಲ ಉಜ್ಜಿಕೊಂಡರು. "ಎತ್ತೋದು ಆಮೇಲಿನ ಮಾತು ಅತ್ತೆ. ಏಣಿ ಯಾಕೆ ಅಲ್ಲಾಡ್ತು? ಕೆಳಗೆ ರಬ್ಬರ್ ಸವೆದಿರುತ್ತೆ. ಹತ್ತೋ ಮುಂಚೆ ನೋಡ್ಕೋಬೇಕಾಗಿತ್ತು."

ಅಮ್ಮನ ಸ್ಕೇಲು ನನ್ನ ಮಂಡಿಯ ಮೇಲೆ ಟಪ್ ಅಂತ ಬಿತ್ತು. "ಇಲ್ಲದ್ದನ್ನೆಲ್ಲ ಯಾಕೋ ತಂದು ತುಂಬ್ತೀಯ, ಕತ್ತೆ! ರಬ್ಬರ್ ಅಂತ ಎಲ್ಲಿ ಬರೆದಿದೆ? ಕಣ್ಣು ಎಲ್ಲಿಟ್ಟಿದೀಯ?"

"ನಾನು ಬಾಯೇ ಬಿಟ್ಟಿಲ್ಲಮ್ಮ!"

"ಎದುರು ಮಾತಾಡ್ಬೇಡ."

ಭಾವ ನನ್ನ ಬೆನ್ನು ಸವರಿ, "ಹೋಗ್ಲಿ ಬಿಡಿ ಅತ್ತೆ, ಅವನಿಗೆ ನಿಧಾನವಾಗಿ ಬರುತ್ತೆ" ಎಂದರು.

ಅವರು ಹಾಸ್ಯಕ್ಕೆ ಹೇಳಿದ್ದಲ್ಲ. ಎರಡನೆಯ ವಾರದ ಹೊತ್ತಿಗೆ ನನಗದು ಖಾತ್ರಿಯಾಯಿತು. ಡಿಪೋದಲ್ಲಿ ಕೂಡ ಯಾರಾದರೂ ಪಾಠ ಹೇಗೆ ನಡೀತಿದೆ ಎಂದು ಕೇಳಿದರೆ ಭಾವ ದನಿ ತಗ್ಗಿಸಿ, "ನನ್ನದೇನೋ ಪರವಾಗಿಲ್ಲ. ಪಾಪ, ಭಾವಮೈದುನನಿಗೆ ಓದು ಹತ್ತೋದೇ ಇಲ್ಲ. ಅತ್ತೆ ದಿನಾ ಬೈದೂ ಬೈದೂ ಸುಸ್ತಾಗ್ತಾರೆ" ಎನ್ನುತ್ತಿದ್ದರು. ಕ್ಯಾಂಟೀನಿನವನು ನನ್ನನ್ನು ಕರುಣೆಯಿಂದ ನೋಡಿ ಕಾಫಿಗೆ ಎರಡು ಚಮಚ ಸಕ್ಕರೆ ಜಾಸ್ತಿ ಹಾಕತೊಡಗಿದ.

ಮೂರು ವಾರ ಹೋದರೂ ಭಾವ ಇದ್ದಲ್ಲೇ ಇದ್ದರು. ಮೊದಲು ಪ್ರಶ್ನೆ ಓದಿ ಆಮೇಲೆ ಗದ್ಯಭಾಗ ಓದಬೇಕು ಎಂದು ಅಮ್ಮ ಹೇಳಿದರೆ, ಪ್ರಶ್ನೆ ಓದಿದ ತಕ್ಷಣ ಗದ್ಯಭಾಗ ಓದದೆಯೇ ಉತ್ತರ ಹೇಳುತ್ತಿದ್ದರು. ಮುಖ್ಯ ಪದಗಳಿಗೆ ಅಡಿಗೆರೆ ಹಾಕಿ ಎಂದರೆ, ತಮಗೆ ಅನುಮಾನ ಬಂದ ಪದಗಳಿಗೆಲ್ಲ ಹಾಕುತ್ತಿದ್ದರು. ಇಡೀ ಪುಟ ಅಡಿಗೆರೆಯಾಗುತ್ತಿತ್ತು. ನನ್ನ ಮಂಡಿ ಕೆಂಪಾಗಿತ್ತು. ಅಮ್ಮ ಒಂದು ಸಂಜೆ ಕನ್ನಡಕ ತೆಗೆದಿಟ್ಟು, "ಮೂವತ್ತೆರಡು ವರ್ಷದಲ್ಲಿ ಇಂಥ..." ಎಂದು ಶುರುಮಾಡಿ, ಅಳಿಯನ ಮುಖ ನೋಡಿ, "ಇಂಥ ಸೆಖೆ ನೋಡಿರಲಿಲ್ಲ" ಎಂದು ಮುಗಿಸಿದಳು.

ದಾರಿ ತೋರಿಸಿದ್ದು ಅಕ್ಕ. ಒಗೆಯಲು ಹಾಕುವ ಮುಂಚೆ ಭಾವನ ಅಂಗಿಯ ಜೇಬಿಗೆ ಕೈಹಾಕಿದವಳಿಗೆ, ಎಣ್ಣೆ ಅಂಟಿದ ಒಂದು ಜಾಬ್ ಕಾರ್ಡ್ ಸಿಕ್ಕಿತು. ಗಾಡಿಯಲ್ಲಿ ಏನು ತೊಂದರೆ ಎಂದು ಡ್ರೈವರ್ ಬರೆದುಕೊಡುವ ಚೀಟಿ ಅದು. ಅದನ್ನು ಎರಡು ಬೆರಳಲ್ಲಿ ಹಿಡಿದು ತಂದು ಅಮ್ಮನ ಮುಂದಿಟ್ಟಳು.

"ಅಮ್ಮ, ಇವರು ದಿನಾ ಓದೋದು ಇದೊಂದೇ. ಇದರಲ್ಲಿ ಕೇಳಿ ನೋಡು."

ಅಮ್ಮ ಚೀಟಿಯನ್ನು ದೂರ ಹಿಡಿದು ಓದಿದಳು. "ಮುಂದಿನ ಎಡಗಡೆ ಚಕ್ರದಲ್ಲಿ ಸದ್ದು ಬರುತ್ತಿದೆ. ಅಳಿಯಂದಿರೇ, ಡ್ರೈವರ್ ಇಲ್ಲಿ ಏನು ಬರೆದಿದಾನೆ?"

"ಸುಳ್ಳು ಅತ್ತೆ ಅದು. ಸದ್ದು ಚಕ್ರದ್ದಲ್ಲ. ಟೂಲ್ ಬಾಕ್ಸ್ ಮುಚ್ಚಿರಲಿಲ್ಲ."

"ಸದ್ದು ಯಾವುದ್ದು ಅಂತ ನಾನು ಕೇಳಿಲ್ಲ. ಡ್ರೈವರ್ ಏನು ಬರೆದಿದಾನೆ ಅಂತ ಕೇಳಿದೆ."

"ಅವನು ಬರೆದದ್ದು ಎಡಗಡೆ ಚಕ್ರ ಅಂತ. ಆದ್ರೆ..."

"ಯಾವ ಚಕ್ರ?"

"ಎಡಗಡೆ."

"ಹಿಂದಿನದ್ದಾ, ಮುಂದಿನದ್ದಾ?"

"ಮುಂದಿನದ್ದು. ಆದ್ರೆ ಅತ್ತೆ, ಅವನಿಗೆ..."

"ಮೂರು ಪ್ರಶ್ನೆ. ಮೂರೂ ಸರಿ."

ಭಾವ ಚೀಟಿಯನ್ನು ನೋಡಿದರು. ಪಕ್ಕದಲ್ಲಿದ್ದ ಗದ್ಯಭಾಗವನ್ನು ನೋಡಿದರು. ಎಂಜಿನ್ನಿನ ಮೇಲೆ ಕೈಯಿಟ್ಟಾಗ ಬರುವ ಮುಖ ಅವರಿಗೆ ಬಂತು.

"ಅಂದ್ರೆ ಈ ಗದ್ಯಭಾಗ ಅನ್ನೋದು... ಡ್ರೈವರ್ ಬರೆದದ್ದು!"

"ಹೌದು."

"ಪ್ರಶ್ನೆ ಕೇಳೋರಿಗೆ ಗಾಡಿ ರಿಪೇರಿ ಆಗ್ಬೇಕಾಗಿಲ್ಲ!"

"ಬೇಕಾಗಿಲ್ಲ."

"ಬರೀ ಅವನು ಏನು ಬರೆದ ಅಂತ ಗೊತ್ತಾದ್ರೆ ಸಾಕಾ ಅವರಿಗೆ?"

"ಅಷ್ಟೇ ಸಾಕು."

ಭಾವ ದೊಡ್ಡದೊಂದು ಉಸಿರು ಬಿಟ್ಟರು. "ಎಂಥ ಜನಾನಪ್ಪ ಇವರು" ಎಂದರು.

ಅವತ್ತಿನಿಂದ ಬಂಡಿ ಹಳಿಗೆ ಬಂತು. ಅಕ್ಕ ಅಡುಗೆಮನೆಯ ಅಲಾರಂ ಗಡಿಯಾರ ತಂದಿಡುತ್ತಿದ್ದಳು. ನಲವತ್ತು ನಿಮಿಷ, ಹತ್ತು ಪ್ರಶ್ನೆ. 'ಅಲ್ಲ', 'ತಪ್ಪಾದ', 'ಹೊರತುಪಡಿಸಿ' ಎಂಬ ಪದ ಪ್ರಶ್ನೆಯಲ್ಲಿ ಕಂಡರೆ ಸುತ್ತ ಸೊನ್ನೆ ಹಾಕಿ, ಇಲ್ಲದಿದ್ದರೆ ಉಲ್ಟಾ ಉತ್ತರ ಬರೆಯುತ್ತೀರಿ ಎಂದು ಅಮ್ಮ ಹೇಳಿಕೊಟ್ಟಳು. ಉತ್ತರ ಸಿಗದ ಪ್ರಶ್ನೆಯ ಎದುರು ಮಂಡಿಯೂರಿ ಕೂರಬೇಡಿ, ಗುರುತು ಹಾಕಿ ಮುಂದೆ ಹೋಗಿ ಎಂದಾಗ ಭಾವ ತಲೆದೂಗಿದರು. "ತುಕ್ಕು ಹಿಡಿದ ಬೋಲ್ಟ್ ತರ. ಸ್ವಲ್ಪ ಎಣ್ಣೆ ಬಿಟ್ಟು ಮುಂದಿನದಕ್ಕೆ ಹೋಗೋದು. ಆಮೇಲೆ ಬಂದು ತಿರುಗಿಸಿದ್ರೆ ತಾನೇ ಸಡಿಲ ಆಗಿರುತ್ತೆ." ಆ ಮಾತು ಅಮ್ಮನಿಗೆ ಎಷ್ಟು ಹಿಡಿಸಿತೆಂದರೆ, ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನನಗೆ ಏಟು ಬೀಳುವುದು ವಾರಕ್ಕೊಂದಕ್ಕೆ ಇಳಿಯಿತು.

ಪರೀಕ್ಷೆ ಒಂದು ಶಾಲೆಯಲ್ಲಿ. ಮೂರನೇ ಕ್ಲಾಸಿನ ಮಕ್ಕಳ ಬೆಂಚು. ಭಾವನ ಮಂಡಿ ಡೆಸ್ಕಿನ ಕೆಳಗೆ ಹೋಗದೆ ಎರಡು ಕಡೆ ಚಾಚಿಕೊಂಡಿತ್ತು. ಹಿಂದಿನ ಎರಡು ಭಾಗ ಮುಗಿದು, ಮೂರನೆಯದರ ಕಾಗದ ಕೈಗೆ ಬಂತು. ಪ್ರಶ್ನೆಗಳನ್ನು ಮೊದಲು ಓದಿದರು. ಆಮೇಲೆ ಗದ್ಯಭಾಗಕ್ಕೆ ಹೋದರು. ಅಲ್ಲಿಂದ ಮುಂದಿನದನ್ನು ಭಾವ ಈಗಲೂ ಎದೆ ನೀವಿಕೊಂಡೇ ಹೇಳುತ್ತಾರೆ.

ಗದ್ಯಭಾಗದ ವಿಷಯ ಡೀಸೆಲ್ ಎಂಜಿನ್. ನಾಲ್ಕನೆಯ ಸಾಲು ಹೀಗಿತ್ತು: "ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಇಂಧನ ಹೊತ್ತಿಕೊಳ್ಳುತ್ತದೆ."

ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದೇ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿದಾಗ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಇದು ನಮ್ಮ ಡಿಪೋದ ನೆಲ ಗುಡಿಸುವವನಿಗೂ ಗೊತ್ತು.

ಭಾವ ಕೈಯೆತ್ತಿದರು. ಮೇಲ್ವಿಚಾರಕಿ ಬಂದರು.

"ಮೇಡಂ, ಇಲ್ಲಿ ತಪ್ಪಿದೆ."

"ಅಚ್ಚಿನ ತಪ್ಪಾ?"

"ಅಚ್ಚು ಸರಿಯಾಗೇ ಇದೆ. ಎಂಜಿನ್ ತಪ್ಪಿದೆ."

"ಕೂತ್ಕೊಂಡು ಬರೀರಿ."

ನೀರು ಕೇಳಿದರು. ಐದು ನಿಮಿಷ ಬಿಟ್ಟು ಮತ್ತೆ ಕೇಳಿದರು. ಆರನೆಯ ಪ್ರಶ್ನೆ ಅವರನ್ನೇ ನೋಡುತ್ತಿತ್ತು: ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಹೇಗೆ ಹೊತ್ತಿಕೊಳ್ಳುತ್ತದೆ? ನಾಲ್ಕು ಅಂಕ. ಗುರುತು ಹಾಕಿ ಮುಂದೆ ಹೋದರು. ಉಳಿದ ಒಂಬತ್ತನ್ನೂ ಬರೆದು ವಾಪಸ್ಸು ಬಂದರು. ಬೋಲ್ಟು ಸಡಿಲವಾಗಿರಲಿಲ್ಲ. ಇಪ್ಪತ್ತು ವರ್ಷ ಡೀಸೆಲ್ ಎಂಜಿನ್ನಿನ ಅನ್ನ ತಿಂದ ಕೈಯಿಂದ ಸ್ಪಾರ್ಕ್ ಪ್ಲಗ್ ಅಂತ ಬರೆಯುವುದು ಹೇಗೆ? ಗಂಟೆ ಹೊಡೆಯಲು ಮೂರು ನಿಮಿಷವಿದ್ದಾಗ, ಇದನ್ನು ಬರೆದದ್ದು ಯಾವನೋ ಡ್ರೈವರ್ ಎಂದು ಮನಸ್ಸಿಗೆ ಹೇಳಿಕೊಂಡರು. ಆ ಡ್ರೈವರನ ಮುಖವನ್ನೂ ಕಲ್ಪಿಸಿಕೊಂಡರು. ಆಮೇಲೆ ಕಣ್ಣು ಅರ್ಧ ಮುಚ್ಚಿ ಬರೆದರು: "ಗದ್ಯಭಾಗದ ಪ್ರಕಾರ, ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ." 'ಗದ್ಯಭಾಗದ ಪ್ರಕಾರ' ಎಂಬುದರ ಕೆಳಗೆ ಎರಡು ಗೆರೆ ಎಳೆದರು. ಎರಡನೆಯ ಗೆರೆಗೆ ಕಾಗದ ಹರಿಯಿತು.

ಮಧ್ಯಾಹ್ನ ಮನೆಗೆ ಬಂದಾಗ ಯಾರನ್ನೋ ಕಳಕೊಂಡವರ ಹಾಗಿದ್ದರು. ಅಮ್ಮನ ಪ್ಲಾಸ್ಟರ್ ಬಿಚ್ಚಿ ಆಗಿತ್ತು. ಕೋಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಭಾವ ಚಪ್ಪಲಿ ಬಿಡದೆಯೇ ಎಲ್ಲ ಹೇಳಿ ಮುಗಿಸಿದರು.

"ಸ್ಪಾರ್ಕ್ ಪ್ಲಗ್ ಅಂತಲೇ ಬರೆದುಬಿಟ್ಟೆ, ಅತ್ತೆ."

"ಶಭಾಷ್ ಕಣೋ ನನ್ನ ರಾಜ!" ಎಂದು ಅಮ್ಮ ಕೂಗಿ, ಅವರ ತಲೆಯ ಮೇಲೆ ಪಟಪಟನೆ ಎರಡು ಬಾರಿ ತಟ್ಟಿದಳು.

ಅಕ್ಕ ಸೌಟು ಹಿಡಿದು ಹಾಗೇ ನಿಂತಳು. ಹದಿನಾರು ವರ್ಷದಲ್ಲಿ ಅಮ್ಮ ಅಳಿಯನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವಳಿಗೂ ಆಮೇಲೆ ಅರಿವಾಗಿ, "ಅಂದ್ರೆ... ಬಹಳ ಚೆನ್ನಾಗಿ ಮಾಡಿದ್ರಿ ಅಂತ" ಎಂದು ಸೆರಗು ಸರಿಮಾಡಿಕೊಂಡಳು. ನಲವತ್ತೈದರ ಭಾವ ಕಿವಿವರೆಗೂ ಕೆಂಪಾಗಿ, ತಟ್ಟಿಸಿಕೊಂಡ ತಲೆಯನ್ನು ಸವರಿಕೊಳ್ಳುತ್ತ ನಿಂತಿದ್ದರು. ಅವರ ತಾಯಿ ಚಿಕ್ಕಂದಿನಲ್ಲೇ ಹೋಗಿದ್ದರು. ಮನೆಯಲ್ಲಿ ಯಾರೂ ಅವರಿಗೆ ಹಾಗೆ ತಟ್ಟಿದ್ದು ನನಗೆ ನೆನಪಿಲ್ಲ.

ಆದರೂ ಅವರಿಗೆ ಊಟ ಸೇರಲಿಲ್ಲ. "ಆ ಕಾಗದವನ್ನ ಇನ್ನೂರು ಜನ ಓದಿದಾರೆ. ಅದರಲ್ಲಿ ಹೊಸಬರೂ ಇದ್ರು. ಯಾರಾದ್ರೂ ಡೀಸೆಲ್ ಗಾಡೀಲಿ ಪ್ಲಗ್ ಹುಡುಕೋಕೆ ಹೊರಟ್ರೆ?" ಮರುದಿನ ರಜೆ ಹಾಕಿ ಒಂದು ಮನವಿ ಬರೆದರು. ಗದ್ಯಭಾಗದ ನಾಲ್ಕನೆಯ ಸಾಲು ತಪ್ಪು, ಅದನ್ನು ಸರಿಪಡಿಸಬೇಕು, ನಾನೂ ಆರನೆಯ ಪ್ರಶ್ನೆಗೆ ಅದೇ ತಪ್ಪನ್ನು ಬರೆದಿದ್ದೇನೆ, ಅದಕ್ಕಾಗಿ ನನ್ನ ನಾಲ್ಕು ಅಂಕ ಕಳೆದರೂ ಅಡ್ಡಿಯಿಲ್ಲ. ಹೆಡ್ಡಾಫೀಸಿಗೆ ಹೋಗಿ ಕೊಟ್ಟು ಬಂದರು.

ತಿಂಗಳ ಮೇಲೆ ಫಲಿತಾಂಶ ಬಂತು. ಓದು ಮತ್ತು ಗ್ರಹಿಕೆಯಲ್ಲಿ ಮೂವತ್ತಕ್ಕೆ ಇಪ್ಪತ್ತಾರು. ಡಿಪೋ ಮ್ಯಾನೇಜರ್ ಪಿಟ್ಟಿನವರೆಗೂ ನಡೆದು ಬಂದು ಕೈಕುಲುಕಿ, ತಮ್ಮ ಕೈಗಾದ ಗ್ರೀಸನ್ನು ಒರೆಸಿಕೊಳ್ಳದೇ ಹೋದರು. ಅದೇ ವಾರ ಮನವಿಗೂ ಉತ್ತರ ಬಂತು: "ತಮ್ಮ ಕೋರಿಕೆಯಂತೆ ಅಂಕಗಳನ್ನು ಮರು ಎಣಿಕೆ ಮಾಡಲಾಗಿದ್ದು, ಹೆಚ್ಚಿಸಲು ಅವಕಾಶವಿರುವುದಿಲ್ಲ."

ಅಮ್ಮ ಆ ಪತ್ರವನ್ನು ಎರಡು ಸಲ ಓದಿ, ಕೆಂಪು ಪೆನ್ನು ತೆಗೆದು ಮೂಲೆಯಲ್ಲಿ ದೊಡ್ಡ ಸೊನ್ನೆ ಬರೆದಳು. ಆಮೇಲೆ ನನಗೆ, "ನನ್ನ ಕೋಲು ಕೊಡು" ಎಂದಳು.

ಅಮ್ಮ, ಭಾವ, ನಾನು ಮೂವರೂ ಬಸ್ಸಿನಲ್ಲಿ ಹೆಡ್ಡಾಫೀಸಿಗೆ ಹೋದೆವು. ಪರೀಕ್ಷಾ ವಿಭಾಗ ಎರಡನೇ ಮಹಡಿ. ಅಮ್ಮ ಒಂದೊಂದೇ ಮೆಟ್ಟಿಲು ಹತ್ತಿ, ಪತ್ರಕ್ಕೆ ಸಹಿ ಹಾಕಿದ್ದ ಅಧಿಕಾರಿಯ ಎದುರಿನ ಕುರ್ಚಿಯಲ್ಲಿ ಕೂತು, ಭಾವನ ಮನವಿಯ ಪ್ರತಿಯನ್ನು ಅವರ ಕೈಗಿತ್ತಳು.

"ಇದನ್ನ ಗಟ್ಟಿಯಾಗಿ ಓದ್ತೀರಾ?"

ಅಧಿಕಾರಿಗೆ ಏನನ್ನಿಸಿತೋ, ಓದಿದರು.

"ಈಗ ಹೇಳಿ. ಇವರು ಏನು ಕೇಳಿದಾರೆ?"

"ಅಂಕ ಜಾಸ್ತಿ ಮಾಡಿ ಅಂತ."

"ಎಲ್ಲಿದೆ? ಬೆರಳಿಟ್ಟು ತೋರಿಸಿ."

ಅಧಿಕಾರಿಯ ಬೆರಳು ಕಾಗದದ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಾಡಿತು. ಅಮ್ಮನ ಕೈ ಕೋಲಿನ ಮೇಲೆ ಬಿಗಿಯಾದದ್ದು ನೋಡಿ ನಾನು ನನ್ನ ಮಂಡಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿಕೊಂಡೆ.

"ಪಾಪ, ಇನ್ನೊಂದ್ಸಲ ಓದ್ಲಿ ಬಿಡಿ ಅತ್ತೆ" ಎಂದರು ಭಾವ. ಅಧಿಕಾರಿಯತ್ತ ಬಾಗಿ, "ಮೊದಲು ನಂಗೂ ಹೀಗೇ ಆಗ್ತಿತ್ತು ಸಾರ್. ಇದನ್ನ ಒಬ್ಬ ಡ್ರೈವರ್ ಬರೆದಿದಾನೆ ಅಂದ್ಕೊಳ್ಳಿ" ಎಂದು ಧೈರ್ಯ ಹೇಳಿದರು.

ಮೂರನೆಯ ಓದಿಗೆ ಅಧಿಕಾರಿಯ ಹುಬ್ಬು ಮೇಲೇರಿತು. "ಒಂದ್ನಿಮಿಷ. ಇವರು ಅಂಕ ಕಳೀರಿ ಅಂತ ಬರೆದಿದಾರಾ?"

"ಕಳೆದರೂ ಅಡ್ಡಿಯಿಲ್ಲ ಅಂತ" ಎಂದು ಅಮ್ಮ ತಿದ್ದಿದಳು. "ಎರಡಕ್ಕೂ ವ್ಯತ್ಯಾಸ ಇದೆ."

ವಿಷಯ ಮೇಲಧಿಕಾರಿಯವರೆಗೂ ಹೋಯಿತು. ಆ ಗದ್ಯಭಾಗ ಬರೆದವರು ಕಾರಿನ ಪೆಟ್ರೋಲ್ ಎಂಜಿನ್ನಿನ ಪುಸ್ತಕ ನೋಡಿ, ಬಸ್ಸಿಗೆ ಹೊಂದಲಿ ಅಂತ ಪೆಟ್ರೋಲ್ ಇದ್ದಲ್ಲೆಲ್ಲ ಡೀಸೆಲ್ ಎಂದು ಬದಲಾಯಿಸಿದ್ದರಂತೆ. ಅದನ್ನು ಕಡತದಿಂದ ತೆಗೆದುಹಾಕಿದರು. ಭಾವನ ಅಂಕ ಇಪ್ಪತ್ತಾರೇ ಉಳಿಯಿತು. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಬರೆದಿದ್ದಾರೆ, ಕಳೆಯಲು ನಿಯಮವಿಲ್ಲ ಎಂದರು ಮೇಲಧಿಕಾರಿ. ಭಾವನಿಗೆ ಅದು ಅಷ್ಟು ಸಮಾಧಾನವಾಗಲಿಲ್ಲ. ಆದರೂ ಹೆಡ್ ಮೆಕ್ಯಾನಿಕ್ ಆದರು.

ಈಗ ಅವರಿಗೆ ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆ ಇದೆ. ಹೆಡ್ಡಾಫೀಸಿನ ಸುತ್ತೋಲೆಗಳೆಲ್ಲ ಅಲ್ಲಿಗೇ ಬರುತ್ತವೆ. ಹಿಂದಿನವರು ಅವನ್ನು ಓದದೆ ಸಹಿ ಹಾಕಿ ಮೊಳೆಗೆ ಚುಚ್ಚುತ್ತಿದ್ದರು. ಭಾವ ಪೆನ್ಸಿಲ್ ಹಿಡಿದು, ಅಡಿಗೆರೆ ಹಾಕಿ, ಹಿಂದೆ ಮುಂದೆ ಎರಡೂ ಕಡೆ ಓದುತ್ತಾರೆ. ಎಲ್ಲ ಬಸ್ಸುಗಳನ್ನೂ ಬೆಳಗ್ಗೆ ಆರರಿಂದ ಏಳರವರೆಗೆ ತೊಳೆಯತಕ್ಕದ್ದು ಎಂದು ಮೊದಲ ಪ್ಯಾರಾದಲ್ಲೂ, ಎಲ್ಲ ಬಸ್ಸುಗಳೂ ಆರೂವರೆಗೆ ಹೊರಡತಕ್ಕದ್ದು ಎಂದು ಮೂರನೆಯದರಲ್ಲೂ ಇದ್ದದ್ದನ್ನು ಕಂಡು, ಫೋನು ಮಾಡಿ ತಾಳ್ಮೆಯಿಂದ ಕೇಳಿದರು: "ಸುತ್ತೋಲೆಯ ಪ್ರಕಾರ, ಕೊನೇ ಅರ್ಧ ಗಂಟೆ ನಾವು ಬಸ್ಸಿನ ಜೊತೆ ಓಡ್ತಾ ತೊಳೀಬೇಕಾ ಸಾರ್?"

ಅದಾದ ಮೇಲೆ ಹೆಡ್ಡಾಫೀಸಿನಲ್ಲಿ ಒಂದು ಪದ್ಧತಿ ಬೆಳೆಯಿತು. ಯಾವ ಸುತ್ತೋಲೆಯನ್ನೂ ಎಲ್ಲ ಡಿಪೋಗಳಿಗೆ ಒಟ್ಟಿಗೆ ಕಳಿಸುವುದಿಲ್ಲ. ಮೊದಲು ಒಂದೇ ಪ್ರತಿ ನಮ್ಮ ಡಿಪೋಗೆ ಬರುತ್ತದೆ. ಎರಡು ದಿನ ಕಾಯುತ್ತಾರೆ. ಭಾವ ಫೋನು ಮಾಡದಿದ್ದರೆ ಉಳಿದವರಿಗೂ ಕಳಿಸುತ್ತಾರೆ. ಕಳೆದ ವರ್ಷ ಹೊರಟ ಸುತ್ತೋಲೆಗಳಲ್ಲಿ ಹೆಚ್ಚಿನವು ಅರ್ಧ ಪುಟದವು, ನಾಲ್ಕಾರು ಸಾಲಿನವು, ಮತ್ತು ನಾನೂ ಸೇರಿದಂತೆ ಎಲ್ಲರಿಗೂ ಅರ್ಥವಾಗುವಂಥವು.